ಎಂಟೂವರೆಯ ಓದುಗ

ಬರೆಯುವವರಲ್ಲಿ ಎರಡು ಪಂಗಡಗಳಿವೆ. ‘ನನಗೆ ಓದುಗರ ಹಂಗಿಲ್ಲ, ಆತ್ಮಸಂತೋಷಕ್ಕಾಗಿ ಬರೆಯುತ್ತೇನೆ’ ಎನ್ನುವವರದು ಒಂದು. ನಿಜ ಹೇಳುವವರದು ಇನ್ನೊಂದು. ನಲವತ್ತು ವರ್ಷ ತುಂಬುವವರೆಗೂ ನಾನು ಮೊದಲನೆಯ ಪಂಗಡದಲ್ಲಿದ್ದೆ. ಅದಕ್ಕೆ ಕಾರಣ ವೈರಾಗ್ಯವಲ್ಲ, ನನಗೆ ಓದುಗರೇ ಇರಲಿಲ್ಲ. ಪತ್ರಿಕೆಗಳಿಗೆ ಕಳಿಸಿದ ನನ್ನ ಪ್ರಬಂಧಗಳು ಎಷ್ಟು ನಿಷ್ಠೆಯಿಂದ ವಾಪಸು ಬರುತ್ತಿದ್ದವೆಂದರೆ, ನಮ್ಮೂರು ಇನ್ನಂಜೆಯ ಅಂಚೆಯಣ್ಣ ದೂರದಿಂದಲೇ ‘ಬಂತು’ ಎಂದು ಕೈಯೆತ್ತುತ್ತಿದ್ದ. ಎಂತ ಬಂತು ಎಂದು ನಾನು ಕೇಳಿದ್ದಿಲ್ಲ, ಅವನೂ ಹೇಳಿದ್ದಿಲ್ಲ. ದ್ರಾಕ್ಷಿ ಹುಳಿ ಎಂದ ನರಿಗೆ ಯಾರಾದರೂ ಒಂದು ಗೊಂಚಲು ಕಿತ್ತು ತಂದು ಕೊಟ್ಟಿದ್ದರೆ ಅದೇನು ಬೇಡವೆನ್ನುತ್ತಿತ್ತೇ? ನನಗೆ ಆ ಗೊಂಚಲನ್ನು ತಂದುಕೊಟ್ಟವರು ನನ್ನ ಹೆಂಡತಿಯ ಅಣ್ಣ, ಜಯರಾಮ ಭಾವ.

ಭಾವನಿಗೆ ಕಾರ್ಕಳದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ. ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಊರಿಗೆಲ್ಲ ಇಂಟರ್‌ನೆಟ್ ಎಂಬುದು ಹೊಸದಾಗಿ ಬಂದು, ಫೋನಿನ ತಂತಿಯ ಮೂಲಕ ಕೀಂಯ್ ಕರ್ ಎಂದು ಕಿರುಚಿಕೊಂಡೇ ಮನೆಯೊಳಗೆ ಕಾಲಿಡುತ್ತಿದ್ದ ಕಾಲ ಅದು. ಭಾವ ಒಂದು ವೆಬ್‌ಸೈಟು ಮಾಡಿದರು. ಉಡುಪಿ, ಕಾಪು, ಕಾರ್ಕಳದ ಬಸ್ಸಿನ ಸಮಯ, ಡಾಕ್ಟರುಗಳ ಫೋನ್ ನಂಬರು, ಮದುವೆ ಹಾಲ್‌ಗಳ ವಿಳಾಸ, ಕೆಳಗೆ ಮೂಲೆಯಲ್ಲಿ ‘ಇಂದಿನ ಮಲ್ಲಿಗೆ ದರ’. ಇಷ್ಟೆಲ್ಲ ಹಾಕಿದ ಮೇಲೂ ನಡುವಿನಲ್ಲಿ ಜಾಗ ಉಳಿಯಿತಂತೆ. ‘ಭಾವ, ನೀವು ಎಂತದ್ದೋ ಬರೀತೀರಲ್ಲ, ಅದನ್ನು ಕೊಡಿ, ಅಲ್ಲಿ ಖಾಲಿ ಕಾಣ್ತದೆ’ ಎಂದರು. ನಮ್ಮಲ್ಲಿ ಭಾವಂದಿರು ಒಬ್ಬರಿಗೊಬ್ಬರು ಭಾವ. ಜಗತ್ತಿನ ದೊಡ್ಡ ದೊಡ್ಡ ಬರಹಗಾರರಿಗೆ ಯಾವ ಯಾವ ರೀತಿಯ ಆಹ್ವಾನ ಬಂದಿದೆಯೋ ಗೊತ್ತಿಲ್ಲ, ನನಗೆ ಬಂದದ್ದು ಇದು. ನಾನು ಒಂದು ವಾರ ಬಿಂಕ ಮಾಡಿ, ಎರಡನೆಯ ವಾರ ಒಪ್ಪಿಕೊಂಡೆ. ಅಂಕಣಕ್ಕೆ ‘ಅಳಿಯನ ಅಂಕಣ’ ಎಂದು ಹೆಸರಿಟ್ಟೆ. ಮುಖಪುಟದಲ್ಲಿ ಪ್ರಬಂಧದ ನಾಲ್ಕು ಸಾಲು, ಅದರ ಕೆಳಗೆ ‘ಮುಂದೆ ಓದಿ’ ಎಂಬ ನೀಲಿ ಅಕ್ಷರ. ಅದನ್ನು ಒತ್ತಿದರೆ ಪೂರ್ತಿ ಪ್ರಬಂಧ. ವಾರಕ್ಕೊಂದು.

ಹೆಸರೇ ಹೇಳುವಂತೆ ಅಂಕಣದ ಬಂಡವಾಳ ನನ್ನ ಅತ್ತೆ. ಎಲ್ಲೂರಿನವರು. ಮಾವ ತೀರಿಕೊಂಡ ವರ್ಷ ಒಂದು ವಾರ ಇದ್ದು ಹೋಗುತ್ತೇನೆಂದು ಒಂದು ಚೀಲ ಬಟ್ಟೆ ಮತ್ತು ಹದಿನೈದು ಮಲ್ಲಿಗೆ ಗಿಡಗಳ ಸಮೇತ ನಮ್ಮಲ್ಲಿಗೆ ಬಂದರು. ಗಿಡ ತರುವವರು ಒಂದು ವಾರಕ್ಕೆ ಬರುವುದಿಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು. ಈಗ ಗಿಡಗಳು ಅರವತ್ತಾಗಿವೆ. ಮನೆ ನನ್ನದು, ಅಂಗಳ ಅತ್ತೆಯದು ಎಂಬಂತೆ ನಮ್ಮ ಸಂಸಾರ ನಡೆಯುತ್ತದೆ. ನಸುಕಿನಲ್ಲಿ ಮೊಗ್ಗು ಕೊಯ್ದು, ಎಂಟು ಗಂಟೆಯಿಂದ ಜಗಲಿಯಲ್ಲಿ ಕುಳಿತು ಎಣಿಸಿ ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಗೆ ಹೂವಿನ ಏಜೆಂಟರ ಬೈಕು ಬರುವಷ್ಟರಲ್ಲಿ ಚೆಂಡು ಮಾಡಿಡಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟು ಹೊತ್ತಿಗೆ ಶಂಕರಪುರದ ಮಾರುಕಟ್ಟೆಯಲ್ಲಿ ಅಟ್ಟೆಗೆ ಇವತ್ತು ಎಷ್ಟು ಎಂದು ದರ ನಿಗದಿಯಾಗಿರುತ್ತದೆ. ಏಜೆಂಟರು ಅದನ್ನು ನನ್ನ ಹೆಂಡತಿ ವಸಂತಿಗೆ ಹೇಳುವುದು, ವಸಂತಿ ಮಣಿಪಾಲದಲ್ಲಿ ಕೆಲಸದಲ್ಲಿರುವ ನನಗೆ ಫೋನು ಮಾಡುವುದು, ನಾನು ಸೈಟಿಗೆ ಏರಿಸುವುದು. ಈ ಕೆಲಸವನ್ನು ನಾನು ಸಾಹಿತಿಯೊಬ್ಬ ಸಂಘದ ಚಂದಾ ಎತ್ತುವಂತೆ ಮುಖ ಹುಳ್ಳಗೆ ಮಾಡಿಕೊಂಡು ಮಾಡುತ್ತಿದ್ದೆ.

ಅತ್ತೆಯ ಗೊರಕೆ, ಅತ್ತೆ ಮಿಕ್ಸಿಯ ಮೇಲೆ ಹೂಡಿದ ಸಮರ, ಕುಕ್ಕರಿನ ರಬ್ಬರ್ ಕಾಣೆಯಾಗಿ ಮೂರು ದಿನ ಮನೆಮಂದಿಯೆಲ್ಲ ಹುಡುಕಿ ಕೊನೆಗೆ ಅದು ಅತ್ತೆಯ ಉಪ್ಪಿನಕಾಯಿ ಭರಣಿಯ ಬಾಯಿಯಲ್ಲಿ ಸಿಕ್ಕಿದ್ದು, ಎಲ್ಲೂರಿನ ನೀರು, ಎಲ್ಲೂರಿನ ಗಾಳಿ, ಎಲ್ಲೂರಿನ ಕಾಗೆಗೂ ಇರುವ ಮರ್ಯಾದೆ, ಎಲ್ಲವನ್ನೂ ಬರೆದೆ. ಧೈರ್ಯ ಹೇಗೆ ಬಂತೆಂದು ಕೇಳಬೇಡಿ. ಅತ್ತೆಗೆ ಕಂಪ್ಯೂಟರ್ ಎಂದರೆ ಹಪ್ಪಳ ಒಣಗಿಸಲು ಆಗದಷ್ಟು ಸಣ್ಣ ಟೀವಿ. ಕನ್ನಡಕ ಹಾಕಿದರೂ ಅವರು ಪಂಚಾಂಗದ ಆಚೆಗೆ ಓದಿದವರಲ್ಲ. ವಸಂತಿಯಂತೂ ಮುಂಕೋಣೆಯ ಕಿಟಕಿಯ ಬಳಿ ಇರುವ ಆ ಯಂತ್ರಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ದಿನಾ ಧೂಳು ಹೊಡೆಯುವುದನ್ನು ಬಿಟ್ಟು ಬೇರೇನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆದ್ದರಿಂದ ವಸಂತಿಯ ಸಿಟ್ಟು, ವಸಂತಿಯ ಸಾರು, ವಸಂತಿಯ ತಂಗಿ ಮುಂಬಯಿಯಿಂದ ಫೋನು ಮಾಡಿದರೆ ಅಡಿ ಹಿಡಿಯುವ ಅನ್ನ, ಇವಕ್ಕೂ ಅಂಕಣದಲ್ಲಿ ಜಾಗ ಸಿಕ್ಕಿತು. ಜಗತ್ತಿಗೆಲ್ಲ ಹೇಳುವುದು, ಮನೆಯವರಿಗೆ ಗೊತ್ತಾಗಬಾರದು. ಇಂಟರ್‌ನೆಟ್ಟು ಬಂದದ್ದೇ ಈ ಸೌಕರ್ಯಕ್ಕಾಗಿ ಎಂದು ನಾನು ತಿಳಿದಿದ್ದೆ.

ಹೀಗೆ ಎರಡು ವರ್ಷ ಸುಖವಾಗಿದ್ದವನ ತಲೆಗೆ ಹುಳ ಬಿಟ್ಟದ್ದು ಒಂದು ಪಟ್ಟಿ. ಅಮೆರಿಕದ ಒಂದು ಕಂಪನಿ ಜಗತ್ತಿನ ವೆಬ್‌ಸೈಟುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಂಬರು ಕೊಡುತ್ತದೆಂದು ಭಾವ ಪತ್ತೆ ಮಾಡಿದರು. ಒಂದನೆಯ ನಂಬರು ಎಂದರೆ ಜಗತ್ತೇ ಮುಗಿಬಿದ್ದು ನೋಡುವ ಸೈಟು. ನಮ್ಮದು ನಲವತ್ತೊಂದು ಲಕ್ಷ ಚಿಲ್ಲರೆ. ಎಸ್ಸೆಸ್ಸೆಲ್ಸಿಯಲ್ಲಿಯೂ ನನಗೆ ಇಷ್ಟು ಹಿಂದಿನ ಸ್ಥಾನ ಬಂದಿರಲಿಲ್ಲ. ಭಾವ ಅವತ್ತೇ ಫೋನು ಮಾಡಿದರು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡ ಮಾಡಿ ಹೇಳುತ್ತೇನೆ.

‘ಭಾವ, ಬೇಸರ ಮಾಡ್ಬೇಡಿ. ಮೇ ತಿಂಗಳ ಕೊನೆಯ ಒಳಗೆ ಹತ್ತು ಲಕ್ಷದ ಒಳಗೆ ಬಂದರೆ ನಿಮ್ಮ ಅಂಕಣ ಉಂಟು. ಇಲ್ಲದಿದ್ದರೆ ಆ ಜಾಗಕ್ಕೆ ಕ್ರಿಕೆಟ್ ಸ್ಕೋರ್ ಹಾಕುವ ಅಂತ.’

ಕ್ರಿಕೆಟ್ ಸ್ಕೋರ್! ನನ್ನ ಎರಡು ವರ್ಷದ ಸಾಹಿತ್ಯದ ಜಾಗದಲ್ಲಿ ಇಷ್ಟು ರನ್ನಿಗೆ ಇಷ್ಟು ವಿಕೆಟ್! ಸಿಟ್ಟು ಬಂತು, ಅಳುವೂ ಬಂತು. ಭಾವನ ಎದುರಿಗೆ ಎರಡನ್ನೂ ತೋರಿಸುವಂತಿಲ್ಲವಾದ್ದರಿಂದ, ‘ಆ ಕಂಪನಿಯವರಿಗೆ ನಮ್ಮ ಸೈಟನ್ನು ಎಷ್ಟು ಜನ ನೋಡ್ತಾರೆ ಅಂತ ಹೇಗೆ ಗೊತ್ತಾಗ್ತದೆ?’ ಎಂದು ಕೇಳಿದೆ.

‘ಅವರೆಂತ ಮನೆ ಮನೆಗೆ ಬಂದು ಎಣಿಸ್ತಾರಾ ಮಾರಾಯ್ರೆ? ಅವರದ್ದೊಂದು ಟೂಲ್‌ಬಾರ್ ಉಂಟು. ಬ್ರೌಸರಿನ ನೆತ್ತಿಯ ಮೇಲೆ ಒಂದು ಸಾಲು ಕೂತುಕೊಳ್ತದೆ. ಅದನ್ನು ಹಾಕಿಸಿಕೊಂಡವರು ಎಲ್ಲೆಲ್ಲಿ ಹೋಗ್ತಾರೆ ಅಂತ ಅದು ಕಂಪನಿಗೆ ಚಾಡಿ ಹೇಳ್ತದೆ. ಅದರ ಮೇಲೆ ಇಡೀ ಲೋಕದ್ದು ಅಂದಾಜು. ಹಾಕಿಸಿಕೊಳ್ಳದವರು ಅವರ ಲೆಕ್ಕದಲ್ಲಿ ಹುಟ್ಟಲೇ ಇಲ್ಲ.’

ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಅನ್ನವನ್ನೆಲ್ಲ ಹಿಚುಕಬೇಕಾಗಿಲ್ಲ, ಒಂದು ಅಗುಳು ಸಾಕು ಎನ್ನುತ್ತಾರೆ ಹಿರಿಯರು. ಒಪ್ಪುವ ಮಾತೇ. ನಮ್ಮ ಏಜೆಂಟರೂ ಒಂದು ಚೆಂಡನ್ನು ಕೈಯಲ್ಲಿ ತೂಗಿ ನೋಡಿ ಇಡೀ ಬುಟ್ಟಿಯ ಯೋಗ್ಯತೆ ಹೇಳುತ್ತಾರೆ. ಆದರೆ ಅಗುಳನ್ನು ನೆರೆಮನೆಯ ಪಾತ್ರೆಯಿಂದ ತೆಗೆದು, ನಮ್ಮ ಮನೆಯ ಅನ್ನ ಬೆಂದಿಲ್ಲ ಎಂದರೆ ಹೇಗೆ? ನಮ್ಮ ಸೈಟನ್ನು ನೋಡುವವರು ದುಬಾಯಿಯ ಆಫೀಸುಗಳಲ್ಲಿದ್ದರು. ಅಲ್ಲಿನ ಕಂಪ್ಯೂಟರಿಗೆ ಒಂದು ಗಣಪತಿಯ ಚಿತ್ರ ಹಾಕಬೇಕಿದ್ದರೂ ಸಾಹೇಬರ ಅಪ್ಪಣೆ ಬೇಕು. ಮುಂಬಯಿಯ ಹೋಟೆಲುಗಳಲ್ಲಿದ್ದರು, ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಕುಳಿತು ಎದ್ದು ಹೋಗುವವರು. ಅಮೆರಿಕದ ಟೂಲ್‌ಬಾರನ್ನು ಹಾಕಿಸಿಕೊಂಡು ಇನ್ನಂಜೆಯ ಬಸ್ಸಿನ ಸಮಯ ನೋಡುವ ಮನುಷ್ಯ ಜಗತ್ತಿನಲ್ಲಿ ಇದ್ದರೆ ಅದು ಜಯರಾಮ ಭಾವ ಒಬ್ಬರೇ. ನಲವತ್ತೊಂದು ಲಕ್ಷದ ಆ ಸ್ಥಾನವೂ ಅವರೊಬ್ಬರ ದುಡಿಮೆಯ ಫಲ.

ಇದನ್ನೆಲ್ಲ ತಿಳಿದ ಮೇಲೆ ಮರ್ಯಾದಸ್ಥನಾದವನು ಪಟ್ಟಿಯನ್ನು ಕಡೆಗಣಿಸಬೇಕಿತ್ತು. ನಾನು ಮಾಡಿದ್ದೇ ಬೇರೆ. ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಇಪ್ಪತ್ನಾಲ್ಕು ಕಂಪ್ಯೂಟರುಗಳು, ಬೀಗದ ಕೈ ನನ್ನ ಸೊಂಟದಲ್ಲಿ. ಒಂದು ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಇಪ್ಪತ್ನಾಲ್ಕಕ್ಕೂ ಆ ಟೂಲ್‌ಬಾರ್ ತೊಡಿಸಿದೆ. ಬ್ರೌಸರ್ ತೆರೆದ ತಕ್ಷಣ ನಮ್ಮ ಸೈಟೇ ಬರುವಂತೆ ಮಾಡಿದೆ. ಸೋಮವಾರದಿಂದ ವಿದ್ಯಾರ್ಥಿಗಳು ಏನೇ ಹುಡುಕಲು ಹೊರಟರೂ ಮೊದಲು ನಮ್ಮ ಬಸ್ಸಿನ ಸಮಯ ಮತ್ತು ನನ್ನ ಪ್ರಬಂಧದ ನಾಲ್ಕು ಸಾಲುಗಳ ದರ್ಶನ ಪಡೆದೇ ಮುಂದೆ ಹೋಗಬೇಕಾಯಿತು. ದಿಲ್ಲಿ, ಕೇರಳ, ಮಣಿಪುರದಿಂದ ಬಂದ ಮಕ್ಕಳು. ಕನ್ನಡ ಅಕ್ಷರ ಅವರಿಗೆ ಜಿಲೇಬಿ. ‘ಸರ್, ಇದು ವೈರಸ್ಸಾ?’ ಎಂದು ಒಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲ, ಸಾಹಿತ್ಯ ಎಂದೆ. ಅವಳಿಗೆ ವ್ಯತ್ಯಾಸ ಕಾಣಿಸಲಿಲ್ಲವೇನೋ, ಮುಚ್ಚಿ ಮುಂದೆ ಹೋದಳು.

ಪಟ್ಟಿಯಲ್ಲಿ ನಾವು ಏರತೊಡಗಿದೆವು. ಮೂವತ್ತು ಲಕ್ಷ, ಇಪ್ಪತ್ತೆರಡು ಲಕ್ಷ, ಮಾರ್ಚ್ ಕೊನೆಗೆ ಒಂಬತ್ತು ಲಕ್ಷ! ಭಾವ ಫೋನು ಮಾಡಿ, ‘ಭಾವ, ನಿಮ್ಮನ್ನು ನಾನು ಸಣ್ಣ ಜನ ಅಂತ ಎಣಿಸಿದ್ದೆ’ ಎಂದು ಕ್ಷಮೆ ಕೇಳಿದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ನಂಬಿಬಿಟ್ಟೆ. ಟೂಲ್‌ಬಾರ್ ತೊಡಿಸಿದ್ದು ಈ ಕೈ, ಹೋಮ್ ಪೇಜು ಕೂರಿಸಿದ್ದು ಈ ಕೈ, ಆದರೂ ಒಂಬತ್ತು ಲಕ್ಷ ಎಂದು ಪರದೆಯಲ್ಲಿ ಕಂಡಾಗ ಇದು ಗದ್ಯದ ಗುಣವೇ ಇರಬೇಕು ಎನಿಸಿತು. ಭಾನುವಾರಗಳಲ್ಲಿ ಸ್ಥಾನ ಸ್ವಲ್ಪ ಜಾರುತ್ತಿತ್ತು. ಜನರು ರಜೆಯ ದಿನ ಒಳ್ಳೆಯದನ್ನು ಓದುವುದಿಲ್ಲ ಎಂದು ಮರುಗಿದೆ. ಲ್ಯಾಬಿಗೂ ಭಾನುವಾರ ರಜೆ ಎಂಬುದು ಆಗ ನೆನಪಿಗೆ ಬರಲಿಲ್ಲ. ಕನ್ನಡಿಯನ್ನು ನೋಡಿ ‘ಯಾರಿವನು ಲಕ್ಷಣವಂತ’ ಎಂದು ಕೇಳುವವನಿಗೂ ನನಗೂ ಬಹಳ ದೂರವಿರಲಿಲ್ಲ.

ಏಪ್ರಿಲ್ ಬಂತು. ಪರೀಕ್ಷೆ ಮುಗಿದು ಕಾಲೇಜಿಗೆ ರಜೆ. ಲ್ಯಾಬಿಗೆ ಬೀಗ ಬಿತ್ತು, ಬೀಗದ ಕೈಯನ್ನು ಆಫೀಸಿನಲ್ಲಿ ಒಪ್ಪಿಸಬೇಕಾಯಿತು. ನಮಗೆ ಆಫೀಸಿನಲ್ಲಿ ಬೇರೆ ಕೆಲಸ. ಒಂದು ವಾರದಲ್ಲಿ ಹದಿನಾರು ಲಕ್ಷ, ಎರಡನೆಯ ವಾರ ಇಪ್ಪತ್ತೇಳು. ಸಾಹಿತ್ಯಕ್ಕೆ ಬೇಸಿಗೆ ರಜೆ ಕೊಟ್ಟ ವಿಶ್ವವಿದ್ಯಾಲಯವನ್ನು ಮನಸ್ಸಿನಲ್ಲೇ ಶಪಿಸುತ್ತ, ಒಂದು ದಿನ ಸಂತೆಕಟ್ಟೆಗೆ ಹೋದೆ. ಅಲ್ಲಿ ನನ್ನ ಹಳೆಯ ಸಹಪಾಠಿಯದೊಂದು ಸೈಬರ್ ಕೆಫೆ, ಆರು ಕಂಪ್ಯೂಟರು. ಇಪ್ಪತ್ನಾಲ್ಕು ಇಲ್ಲದಿದ್ದರೆ ಆರಾದರೂ ಸರಿ, ಮುಳುಗುವವನಿಗೆ ಹುಲ್ಲುಕಡ್ಡಿ. ಐದಕ್ಕೆ ಟೂಲ್‌ಬಾರ್ ತೊಡಿಸಿ, ಆರನೆಯದರಲ್ಲಿ ಯಾರೋ ಇದ್ದುದರಿಂದ ಪಕ್ಕದಲ್ಲಿ ಕುಳಿತು ಕಾಯುತ್ತಿದ್ದೆ. ನೋಡುತ್ತೇನೆ, ಆ ಮನುಷ್ಯ ತೆರೆದಿರುವುದು ನಮ್ಮ ಸೈಟು! ಕಣ್ಣೆದುರೇ ಒಬ್ಬ ಓದುಗ. ಅವನು ನನ್ನ ನಾಲ್ಕು ಸಾಲುಗಳ ಮೇಲಿಂದ, ಎಮ್ಮೆ ಹೂವಿನ ಪಾತಿ ದಾಟಿದ ಹಾಗೆ, ಸೀದಾ ಕೆಳಗಿಳಿದು ಮಲ್ಲಿಗೆ ದರ ನೋಡಿ, ಅಂಗೈಯಲ್ಲಿ ಬರೆದುಕೊಂಡು ಎದ್ದ.

‘ಮೇಲೆ ಎಂತದ್ದೋ ಬರೆದಿದ್ದಾರಲ್ಲ, ಅದು ಓದುವುದಿಲ್ವಾ?’ ಎಂದು ಕೇಳಿಯೇಬಿಟ್ಟೆ.

‘ಅದಾ? ಅದು ಯಾವುದೋ ಔಷಧಿಯ ಜಾಹೀರಾತು ಅಲ್ವಾ? ಗೊರಕೆ ಗಿರಕೆ ಅಂತ ಇತ್ತು’ ಎಂದು ಅವನು ಹೊರಗೆ ಹೋದ. ಹೊರಗೆ ಹೆದ್ದಾರಿಯ ಬದಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಏಳೆಂಟು ಜನ ಅವನಿಗಾಗಿ ಕಾದಿದ್ದರು. ಅವನು ಅಂಗೈ ತೋರಿಸಿದ, ಅವರು ತಲೆಯಾಡಿಸಿದರು, ಅವರಲ್ಲೊಬ್ಬ ಬ್ರಹ್ಮಾವರದ ಬಸ್ಸಿನ ಕಿಟಕಿಯೊಳಗೆ ಅದನ್ನು ಕೂಗಿ ಹೇಳಿದ. ಒಬ್ಬ ನೋಡಿದ್ದು ಇಡೀ ರಸ್ತೆಗೆ ಗೊತ್ತಾಯಿತು. ಅಮೆರಿಕದ ಕಂಪನಿಗೆ ಮಾತ್ರ ಈ ಏಳೆಂಟು ಜನವಿರಲಿ, ಆ ಒಬ್ಬನೂ ಗೊತ್ತಾಗಲಿಲ್ಲ. ಅವನು ಕುಳಿತದ್ದು ಟೂಲ್‌ಬಾರ್ ಇಲ್ಲದ ಆರನೆಯ ಕಂಪ್ಯೂಟರಿನಲ್ಲಿ. ಇದರಲ್ಲಿ ನಾನು ಕಲಿಯಬೇಕಾದ ಪಾಠ ಒಂದಿತ್ತು. ಔಷಧಿಯ ಜಾಹೀರಾತು ಎಂಬ ಮಾತು ಕಿವಿಯಲ್ಲೇ ಗುಂಯ್‌ಗುಡುತ್ತಿದ್ದುದರಿಂದ ಆ ದಿನ ಕಲಿಯಲಿಲ್ಲ.

ಮೇ ತಿಂಗಳು. ನಮ್ಮ ಕಡೆ ಮದುವೆಯ ಕಾಲ. ಒಂದೊಂದು ಮುಹೂರ್ತಕ್ಕೆ ಹತ್ತು ಹತ್ತು ಮದುವೆ, ಮಲ್ಲಿಗೆಯಿಲ್ಲದೆ ಒಂದೂ ನಡೆಯುವುದಿಲ್ಲ. ಆ ವಾರ ಭಾವನಿಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಅಮೆರಿಕದ ಪಟ್ಟಿ, ನಿಮ್ಮ ಸೈಟು ಮೂವತ್ತೆಂಟು ಲಕ್ಷ, ನಾಯಿಯೂ ಮೂಸುತ್ತಿಲ್ಲ ಎಂದಿತು. ಸೈಟಿಗೆ ಜಾಗ ಕೊಟ್ಟ ಸರ್ವರ್ ಕಂಪನಿಯವರು, ನಿಮ್ಮಲ್ಲಿಗೆ ಜನ ನುಗ್ಗುತ್ತಿದ್ದಾರೆ, ನಿಮ್ಮ ಪಾಲಿನ ಮಿತಿ ಮೀರುತ್ತಾ ಬಂತು, ದೊಡ್ಡ ಜಾಗ ತೆಗೆದುಕೊಳ್ಳಿ ಎಂದು ಬರೆದರು. ಒಬ್ಬ ಡಾಕ್ಟರು ರೋಗಿ ಸತ್ತಿದ್ದಾನೆ ಎಂದರೆ ಇನ್ನೊಬ್ಬರು ಅವನಿಗೆ ಬೊಜ್ಜು ಎಂದ ಹಾಗಾಯಿತು. ಭಾವ ತಲೆ ಕೆರೆದುಕೊಂಡು ಸರ್ವರಿನ ಲಾಗ್ ತೆಗೆದು ಕೂತರು. ಲಾಗ್ ಎಂದರೆ ಬಾಗಿಲಲ್ಲಿ ಕುಳಿತು ಯಾರು ಬಂದರು, ಯಾವ ಕೋಣೆಗೆ ಹೋದರು ಎಂದು ಬರೆದಿಡುವ ಪುಸ್ತಕ. ಅದನ್ನು ಇಡೀ ದಿನ ಓದಿ ಸಂಜೆ ನನಗೆ ಫೋನು ಮಾಡಿದರು.

‘ಜನ ಬರ್ತಾರೆ ಭಾವ, ರಾಶಿ ಜನ. ಆದರೆ ಅದರಲ್ಲಿ ಒಂದಷ್ಟು ಮನುಷ್ಯರೇ ಅಲ್ಲ, ಹುಡುಕುವ ಯಂತ್ರಗಳು. ಅವು ಎಲ್ಲರ ಮನೆಗೂ ಬಂದು ಇಣುಕಿ ಹೋಗ್ತವೆ. ಅವುಗಳನ್ನು ಬಿಟ್ಟರೂ ಮದುವೆಯ ಸಮಯ ಆದ್ದರಿಂದ ಬೇಕಾದಷ್ಟು ಉಂಟು. ಬಂದವರು ಸೀದಾ ಮಲ್ಲಿಗೆ ದರಕ್ಕೆ ಹೋಗ್ತಾರೆ, ನೋಡ್ತಾರೆ, ಹೋಗ್ತಾರೆ.’

‘ನನ್ನ ಲ್ಯಾಬು?’ ಎಂದೆ, ಬಾಯಿ ತಪ್ಪಿ.

‘ಅದು ನಿಮ್ಮದಾ! ಮಾರ್ಚಿನವರೆಗೆ ಮಣಿಪಾಲದಿಂದ ಒಬ್ಬನೇ ಪುಣ್ಯಾತ್ಮ ದಿನಕ್ಕೆ ನೂರು ಸಲ ಬಂದು ಬಾಗಿಲಲ್ಲೇ ವಾಪಸು ಹೋಗಿದ್ದಾನೆ. ಯಾರಪ್ಪ ಈ ಮರುಳ ಅಂತ ನೋಡ್ತಾ ಇದ್ದೆ.’

ಅಲ್ಲಿಗೆ ತಿಳಿಯಿತು. ಕಾಲೇಜಿನ ಕಂಪ್ಯೂಟರುಗಳೆಲ್ಲ ಒಂದೇ ತಂತಿಯಲ್ಲಿ ಹೊರಗೆ ಹೋಗುವುದರಿಂದ, ಅಮೆರಿಕದವರ ಲೆಕ್ಕದಲ್ಲಿ ಇಪ್ಪತ್ನಾಲ್ಕು ರಸಿಕರಾಗಿದ್ದದ್ದು ನಮ್ಮದೇ ಲಾಗಿನ ಲೆಕ್ಕದಲ್ಲಿ ಒಬ್ಬ ಮರುಳ. ‘ಮತ್ತೆ ಮುಂದೆ ಓದಿ ಅಂತ ಒತ್ತಿದವರು ಎಷ್ಟು ಜನ?’ ಎಂದು ಮೆಲ್ಲಗೆ ಕೇಳಿದೆ.

‘ಒಬ್ಬ. ದಿನಾ ಬೆಳಿಗ್ಗೆ ಎಂಟೂವರೆಗೆ ಒಬ್ಬ ಬರ್ತಾನೆ. ಫೋನ್ ಲೈನಿನವ, ದಿನಾ ಬೇರೆ ನಂಬರು ಇರ್ತದೆ, ಯಾರು ಅಂತ ಹಿಡೀಲಿಕ್ಕೆ ಆಗುವುದಿಲ್ಲ. ಭಾನುವಾರ ಮಾತ್ರ ಬರುವುದಿಲ್ಲ. ಆ ಗೊರಕೆಯ ಲೇಖನವನ್ನು ಹತ್ತೊಂಬತ್ತು ಸಲ ಓದಿದ್ದಾನೆ. ಪಾಪ, ಅವನಿಗೆಂತ ಕಷ್ಟವೋ. ಒಬ್ಬನಿಗಾಗಿ ಜಾಗ ಇಡುವುದು ಹೇಗೆ ಭಾವ? ಮುಂದಿನ ಭಾನುವಾರ ಊಟಕ್ಕೆ ಬರ್ತೇನೆ, ಕೂತು ಮಾತಾಡುವ.’

ಸೋತೆ ಎಂದು ಕುಗ್ಗಬೇಕಾದ ಹೊತ್ತಿನಲ್ಲಿ ನಾನು ಹಿಗ್ಗಿದೆ. ಒಬ್ಬ ಓದುಗ! ಅಂಚೆಯಣ್ಣನ ಕೈಯೆತ್ತುವಿಕೆಯನ್ನು ಹತ್ತು ವರ್ಷ ಕಂಡವನಿಗೆ ಒಬ್ಬನೆಂದರೆ ಏನೆಂಬುದು ಸಾವಿರಾರು ಓದುಗರಿರುವವರಿಗೆ ಅರ್ಥವಾಗಲಿಕ್ಕಿಲ್ಲ. ಅವನು ಹೇಗಿರಬಹುದೆಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ನಿವೃತ್ತ ನ್ಯಾಯಾಧೀಶರು ಎಂದು ತೀರ್ಮಾನಿಸಿದೆ. ಬೆಳ್ಳಗಿನ ಮೀಸೆ, ಪಕ್ಕದಲ್ಲಿ ಕಾಫಿ. ಹತ್ತೊಂಬತ್ತು ಸಲ ಓದಿದ್ದಾರೆಂದರೆ ಅದು ಗೊರಕೆಗಾಗಿ ಅಲ್ಲ, ಗೊರಕೆಯ ಹಿಂದಿನ ಜೀವನದರ್ಶನಕ್ಕಾಗಿ. ಆ ದಿನಗಳಲ್ಲಿ ಬೇರೆ ಕೆಲವು ಸಂಗತಿಗಳೂ ನಡೆಯುತ್ತಿದ್ದವು, ನಾನು ಅವಕ್ಕೆ ಬೆಲೆ ಕೊಟ್ಟಿರಲಿಲ್ಲ. ಒಂಬತ್ತಕ್ಕೆ ಆಫೀಸು ಮುಟ್ಟಿ ಮನೆಗೆ ಫೋನು ಮಾಡಿದರೆ ದಿನಾ ಎಂಗೇಜ್. ಮುಂಬಯಿಯ ನಾದಿನಿಗೆ ಬೇರೆ ಕೆಲಸವಿಲ್ಲ ಎಂದುಕೊಳ್ಳುತ್ತಿದ್ದೆ. ಏಜೆಂಟರು ಒಂದು ಸಂಜೆ ಸಿಕ್ಕಿ, ‘ನಿಮ್ಮ ಮನೆಯ ಚೆಂಡು ಈಗೀಗ ಭಾರಿ ದಪ್ಪ ಮಾರಾಯ್ರೆ, ಹೂ ಎಣಿಸುವುದನ್ನೇ ಬಿಟ್ಟಿದ್ದಾರಾ ಹೇಗೆ?’ ಎಂದು ನಕ್ಕರು. ಹೂ ಕಟ್ಟಲು ಬರುವ ನೆರೆಮನೆಯ ಕುಸುಮಕ್ಕ, ‘ಕುಕ್ಕರಿನ ರಬ್ಬರ್ ಈಗ ಸರಿ ಉಂಟಲ್ಲ?’ ಎಂದು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡರು. ಹೆಂಗಸರ ಮಾತಿಗೆ ತಲೆಬುಡವಿಲ್ಲ ಎಂದುಕೊಂಡೆ. ಜೀವನದರ್ಶನದ ಯೋಚನೆಯಲ್ಲಿದ್ದವನಿಗೆ ಕುಕ್ಕರಿನ ರಬ್ಬರ್ ಎಲ್ಲಿ ಕಾಣಬೇಕು!

ಭಾವ ಬರುವ ವಾರದ ಅಂಕಣವನ್ನು ಆ ಒಬ್ಬ ಓದುಗನಿಗಾಗಿಯೇ ಬರೆದೆ. ‘ಎಂಟೂವರೆಯ ಮಿತ್ರರೇ, ನೀವು ಯಾರೋ ತಿಳಿಯದು. ಈ ಅಂಕಣ ಉಳಿಯುವುದು ಇನ್ನು ನಿಮ್ಮ ಕೈಯಲ್ಲಿದೆ. ಭಾನುವಾರದ ಒಳಗೆ ಒಂದೇ ಒಂದು ಸಾಲು ಬರೆದು ತಿಳಿಸಿರಿ. ನೀವಿದ್ದೀರೆಂದು ಗೊತ್ತಾದರೆ ನನಗೆ ಅಷ್ಟು ಸಾಕು’ ಎಂದು ಕೊನೆಯಲ್ಲಿ ಕೇಳಿಕೊಂಡೆ. ಮಂಗಳವಾರ ಉತ್ತರವಿಲ್ಲ. ಗುರುವಾರ ಇಲ್ಲ. ಶನಿವಾರ ಸಂಜೆ ಮೂರು ಸಲ ಇಮೇಲ್ ತೆರೆದೆ. ಯಾರೋ ತೂಕ ಇಳಿಸುವ ಮಾತ್ರೆ ಕೊಳ್ಳುತ್ತೀರಾ ಎಂದು ಕೇಳಿದ್ದರು, ಅಷ್ಟೆ.

ಭಾನುವಾರ ಭಾವ ಬಂದರು. ವಸಂತಿ ಕೋರಿರೊಟ್ಟಿ ಮಾಡಿದ್ದಳು. ಹಪ್ಪಳದಂಥ ಆ ರೊಟ್ಟಿಯನ್ನು ಮುರಿದು ಕೋಳಿಸಾರಿನಲ್ಲಿ ನೆನೆಸಿ ತಿನ್ನುತ್ತ ಕುಳಿತೆವು. ಎರಡನೆಯ ಸಲ ಸಾರು ಹಾಕಿಸಿಕೊಂಡು ಭಾವ ಗಂಟಲು ಸರಿಮಾಡಿಕೊಂಡರು. ‘ಹಾಗಾದರೆ ನಾಳೆಯಿಂದ ಅಂಕಣ ತೆಗೆಯುವ ಭಾವ. ಒಬ್ಬನಿಗಾಗಿ ಎಷ್ಟು ದಿನ ಅಂತ?’

ನಾನು ತಟ್ಟೆ ನೋಡುತ್ತ ತಲೆಯಾಡಿಸಿದೆ. ಬಾಗಿಲ ಬಳಿ ಮಣೆಯ ಮೇಲೆ ಕುಳಿತಿದ್ದ ಅತ್ತೆ ಕೇಳಿದರು, ‘ಒಬ್ಬ ಯಾರು?’

‘ದಿನಾ ಎಂಟೂವರೆಗೆ ಒಬ್ಬ ಓದ್ತಾನೆ ಅಮ್ಮ. ಇಡೀ ಲೋಕದಲ್ಲಿ ಅವನೊಬ್ಬನೇ.’

‘ಒಬ್ಬ ಅಲ್ಲ ಮಗಾ, ಐದು ಜನ’ ಎಂದರು ಅತ್ತೆ. ‘ನಾನು, ಕುಸುಮ, ಅವಳ ನಾದಿನಿಯರು ಇಬ್ಬರು, ಓದಿ ಹೇಳುವವಳು ವಸಂತಿ. ಅವಳು ಕಿಟಕಿಯ ಹತ್ತಿರ ಕೂತು ಓದ್ತಾಳೆ, ನಾವು ಜಗಲಿಯಲ್ಲಿ ಹೂ ಕಟ್ಟುತ್ತಾ ಕೇಳ್ತೇವೆ. ನಗೆ ಬಂದು ಮೊಗ್ಗಿನ ಲೆಕ್ಕ ತಪ್ಪುತ್ತದೆ, ಅದೊಂದು ಉಪದ್ರ. ಭಾನುವಾರ ಇವರು ಮನೆಯಲ್ಲಿ ಇರ್ತಾರಲ್ಲ, ಓದ್ಲಿಕ್ಕೆ ಆಗುವುದಿಲ್ಲ.’ ನನ್ನ ಕಡೆ ತಿರುಗಿ, ‘ನೀವು ಉತ್ತರ ಬರೀರಿ ಅಂತ ಕೇಳಿದ್ದಿರಿ. ಒಂದೇ ಮನೆಯಲ್ಲಿ ಇದ್ದುಕೊಂಡು ಎಂತ ಕಾಗದ ಬರೆಯುವುದು? ಭಾನುವಾರ ಬಾಯಲ್ಲಿ ಹೇಳುವ ಅಂತ ಇದ್ದೆ’ ಎಂದರು.

ನನ್ನ ಕೈಯಲ್ಲಿದ್ದ ರೊಟ್ಟಿಯ ಚೂರು ಸಾರಿಗೆ ಬಿತ್ತು. ಎರಡು ವರ್ಷದ ಅಂಕಣಗಳು ಒಂದೊಂದಾಗಿ ಕಣ್ಣೆದುರು ಮೆರವಣಿಗೆ ಹೊರಟವು: ಮಿಕ್ಸಿ, ಭರಣಿ, ಒಂದು ವಾರಕ್ಕೆಂದು ಬಂದದ್ದು, ಎಲ್ಲೂರಿನ ಕಾಗೆ. ನೆಲ ಬಾಯಿ ಬಿಡಬಾರದೇ ಎಂದು ಸೀತೆಗೆ ಅನಿಸಿದ್ದು ಸುಮ್ಮನೆ ಅಲ್ಲ. ಭಾವ ಒಮ್ಮೆ ತಾಯಿಯನ್ನೂ ಒಮ್ಮೆ ನನ್ನನ್ನೂ ನೋಡಿ, ಗೊರಕೆಯ ಲೇಖನ ನೆನಪಾಯಿತೆಂದು ಕಾಣುತ್ತದೆ, ನೀರು ಕುಡಿಯಲು ಹೋಗಿ ನೆತ್ತಿಗೇರಿಸಿಕೊಂಡರು.

‘ಅಂಕಣ ತೆಗೀಬೇಡ’ ಎಂದು ಅತ್ತೆ ಮಗನಿಗೆ ಹೇಳಿದರು. ‘ಕ್ರಿಕೆಟ್ ಕೇಳಿಕೊಂಡು ಹೂ ಕಟ್ಲಿಕ್ಕೆ ಆಗ್ತದಾ? ಮನುಷ್ಯರ ಸುದ್ದಿ ಇದ್ದರೆ ಕೈ ಓಡ್ತದೆ. ಇವರು ಬರೆಯುವುದು ಚಂದ ಉಂಟು. ನನ್ನನ್ನು ಇಷ್ಟು ಗಮನ ಕೊಟ್ಟು ನಿನ್ನ ಅಪ್ಪ ಕೂಡ ನೋಡಿದವರಲ್ಲ.’

ಇದನ್ನು ಬರೆಯುವಾಗಲೂ ನನಗೆ ಒಂದು ಕ್ಷಣ ಕೈ ನಿಲ್ಲುತ್ತದೆ. ಅಮೆರಿಕದ ಪಟ್ಟಿಗೆ ನಾನು ಯಾರೂ ಅಲ್ಲ, ಲಾಗಿಗೆ ನನ್ನ ಓದುಗ ಒಬ್ಬ, ಜಗಲಿಯಲ್ಲಿ ಐದು ಜನ. ಆ ಐವರಲ್ಲಿ ನಾನು ಹೆದರಬೇಕಾಗಿದ್ದವರೇ ನನ್ನನ್ನು ಉಳಿಸಿದರು.

ಊಟವಾದ ಮೇಲೆ ಅಡುಗೆಮನೆಗೆ ಹೋಗಿ ವಸಂತಿಯನ್ನು ಹಿಡಿದೆ. ‘ನಿನಗೆ ಕಂಪ್ಯೂಟರು ಯಾವಾಗ ಬಂತು?’

‘ಧೂಳು ಹೊಡೆಯುವುದು ಎರಡು ನಿಮಿಷದ ಕೆಲಸ. ಉಳಿದ ಹೊತ್ತು ಎಂತ ಮಾಡುವುದು?’ ಎಂದಳು.

‘ನಿನ್ನ ಸಾರಿನ ಬಗ್ಗೆ, ಸಿಟ್ಟಿನ ಬಗ್ಗೆ ಬರೆದದ್ದನ್ನೂ ಓದಿ ಹೇಳಿದೆಯಾ?’

‘ನನಗೆಂತ ಮರುಳಾ? ಅದೆಲ್ಲ ಹಾರಿಸಿಬಿಟ್ಟೆ. ಅಮ್ಮನದ್ದು ಮಾತ್ರ ಒಂದಕ್ಷರ ಬಿಡದೆ ಓದಿದೆ.’ ಅಷ್ಟರಲ್ಲಿ ಜಗಲಿಯಿಂದ ಅತ್ತೆ ಭಾವನಿಗೆ ಹೇಳುವುದು ಕೇಳಿಸಿತು: ‘ನಮ್ಮ ವಸಂತಿಯ ಬಗ್ಗೆ ಎರಡು ವರ್ಷದಲ್ಲಿ ಒಂದು ಕೆಟ್ಟ ಮಾತು ಬರೀಲಿಲ್ಲ ನೋಡು. ಅಷ್ಟು ಪ್ರೀತಿ.’ ವಸಂತಿ ಪಾತ್ರೆ ತೊಳೆಯುತ್ತ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ನನಗೆ ಈಗ ಧೈರ್ಯವಿಲ್ಲ, ಅವಳು ಅದನ್ನು ಹಾರಿಸುವುದು ಖಂಡಿತವಾದರೂ.

ಅಂಕಣ ಉಳಿಯಿತು. ಆದರೆ ಸಂಪಾದಕರಿಲ್ಲದ ಬರಹಗಾರನಾಗಿದ್ದವನಿಗೆ ಅತ್ತೆ ಸಂಪಾದಕರಾದರು. ಮೊದಲ ತಿದ್ದುಪಡಿ ಆ ಸಂಜೆಯೇ ಬಂತು. ‘ಆ ಗೊರಕೆಯ ಸಂಗತಿಯಲ್ಲಿ ಒಂದು ತಪ್ಪು ಉಂಟು. ಅದು ನನ್ನದಲ್ಲ, ನಿಮ್ಮದು. ನಿಮ್ಮ ಗೊರಕೆಗೆ ನೀವೇ ಎಚ್ಚರಾಗಿ ನನ್ನ ಕೋಣೆಯ ಕಡೆ ನೋಡ್ತೀರಿ. ನಾನು ಹೇಳ್ತೇನೆ, ನೀವು ಬರ್ಕೊಳ್ಳಿ’ ಎಂದರು. ಬರೆದುಕೊಂಡೆ. ಹೇಳಿಸಿಕೊಂಡು ಬರೆದ ಆ ಪ್ರಬಂಧವೇ ನನ್ನ ಅಂಕಣಗಳಲ್ಲೆಲ್ಲ ಉತ್ತಮವಾದುದು ಎಂದು ಕುಸುಮಕ್ಕ ಹೇಳುತ್ತಾರೆ. ಭಾವ ತಮ್ಮ ಅಂಗಡಿಯಲ್ಲಿ ನನ್ನ ಫೋಟೋ ಸಮೇತ ಅದರ ಪ್ರಿಂಟು ತೆಗೆದು ತಾಯಿಗೆ ಕೊಟ್ಟರು, ಅತ್ತೆ ಅದನ್ನು ಎಲೆಅಡಿಕೆಯ ಚೀಲದಲ್ಲಿ ಹಾಕಿಕೊಂಡು ಎಲ್ಲೂರಿಗೆ ಹೋಗಿ ಒಂದು ವಾರ ಇದ್ದು ಬಂದರು. ಪಟ್ಟಿಯಲ್ಲಿ ನಮ್ಮ ಸೈಟು ಈಗ ನಲವತ್ತಮೂರು ಲಕ್ಷಕ್ಕೆ ಇಳಿದಿದೆಯಂತೆ. ಲ್ಯಾಬು ತೆರೆದ ಕೂಡಲೇ ಇಪ್ಪತ್ನಾಲ್ಕು ಟೂಲ್‌ಬಾರುಗಳನ್ನೂ ನಾನೇ ಕಿತ್ತುಹಾಕಿದೆ. ನನ್ನನ್ನು ಯಾರೂ ಓದುವುದಿಲ್ಲ ಎಂದು ಲೋಕಕ್ಕೆ ಸಾರುವ ಒಂದಾದರೂ ಸಂಸ್ಥೆ ಇದೆಯಲ್ಲ ಎಂಬುದು ಈಗ ಸಮಾಧಾನದ ಸಂಗತಿ.

ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ಮೊನ್ನೆ ಅತ್ತೆಯ ಅಕ್ಕನ ಮನೆಯ ಕಾರ್ಯಕ್ಕೆಂದು ಎಲ್ಲೂರಿನ ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಸಿಲು, ಕಿಟಕಿಯ ಗಾಳಿ, ಸೀಟಿಗೆ ಒರಗಿದರೆ ಸಾಕು ಎನಿಸುವಂತಿತ್ತು. ಟಿಕೆಟು ಕೊಡಲು ಬಂದ ಕಂಡಕ್ಟರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬಸ್ಸಿಗೆಲ್ಲ ಕೇಳುವಂತೆ, ‘ನೀವು ನಮ್ಮ ಎಲ್ಲೂರಿನ ಅಳಿಯ ಅಲ್ವಾ? ಆ ಗೊರಕೆಯವರು?’ ಎಂದ. ಮುಂದಿನ ಸೀಟಿನ ಹೆಂಗಸರು ಮೂವರು ಒಟ್ಟಿಗೆ ಹಿಂತಿರುಗಿ ನೋಡಿದರು. ನಾನು ನೆಟ್ಟಗೆ ಕುಳಿತುಕೊಂಡೆ. ಎಲ್ಲೂರು ಬರುವವರೆಗೆ ಕಣ್ಣು ಮುಚ್ಚಲಿಲ್ಲ.